ಲಾಕ್‌ಡೌನ್ ನೆಪದ ಬಾಕಿ: ಕರಾರು ಜಾರಿಗೆ ಯಾವ ದಾರಿ ಯಾರಿಗೆ?

ಹುಬ್ಬಳ್ಳಿ ಗೋಕುಲ ರಸ್ತೆಯ ವರ್ಕ್‌ಶಾಪೊಂದು ಪುಣೆಯ ಕಂಪನಿಗೆ ಬಿಡಿಭಾಗ ಕಳಿಸಿದೆ, ಬಿಲ್ಲು ನಿಂತಿದೆ ಎಂದುಕೊಳ್ಳಿ. ಬ್ಯಾಡಗಿಯ ವ್ಯಾಪಾರಿ ಕರಾರಿನ ಪ್ರಕಾರ ಮೆಣಸಿನಕಾಯಿ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದಾರೆ, ಒಯ್ಯಬೇಕಾದ ಪಾರ್ಟಿ ಫೋನ್ ಎತ್ತುತ್ತಿಲ್ಲ. ಗದಗಿನ ಜಿನ್ನಿಂಗ್ ಮಿಲ್ಲು ಯಂತ್ರಕ್ಕೆ ಮುಂಗಡ ಕೊಟ್ಟು ಕೂತಿದೆ, ಯಂತ್ರ ಬಂದಿಲ್ಲ. ಮೂವರಿಗೂ ಸಿಗುವ ಉತ್ತರ ಒಂದೇ: ‘ಲಾಕ್‌ಡೌನ್ ಆತಲ್ರೀ, ನಾವೇನ್ ಮಾಡೂಣು?’ ಆದರೆ ಮೂವರೂ ಹಿಡಿಯಬೇಕಾದ ದಾರಿ ಬೇರೆ ಬೇರೆ. ಕೈಯಲ್ಲಿರುವ ಕಾಗದ ಯಾವುದು, ಎದುರಿನವರು ಕಂಪನಿಯೋ ಪ್ರೊಪ್ರೈಟರೋ, ಬೇಕಾಗಿರುವುದು ರೊಕ್ಕವೋ ಮಾಲೋ ಎಂಬ ಮೂರು ಪ್ರಶ್ನೆಗಳಲ್ಲೇ ಅರ್ಧ ತೀರ್ಮಾನ ಮುಗಿದಿರುತ್ತದೆ.

‘ಲಾಕ್‌ಡೌನ್ ಆತು’ ಎಂಬ ಮಾತಿನ ತೂಕ

ದಾರಿ ಆರಿಸುವ ಮುಂಚೆ ಎದುರಿನವರ ನೆಪಕ್ಕೆ ಕಾನೂನಿನಲ್ಲಿ ಎಷ್ಟು ಬೆಲೆ ಇದೆ ಎಂದು ಅಳೆಯಬೇಕು. ಕರಾರಿನಲ್ಲಿ ಫೋರ್ಸ್ ಮೆಜೂರ್ ಷರತ್ತು (ಕೈಮೀರಿದ ಅಡಚಣೆ ಬಂದಾಗ ಹೊಣೆಯಿಂದ ವಿನಾಯಿತಿ ಕೊಡುವ ಸಾಲು) ಇದ್ದರೆ ಅದರ ಒಂದೊಂದು ಪದವನ್ನೂ ಓದಿ. ಅದು ಮಾರುವವರಿಗೆ ಮಾತ್ರವೇ, ಕೊಳ್ಳುವವರಿಗೂ ಉಂಟೇ? ಎಷ್ಟು ದಿನದೊಳಗೆ ನೋಟಿಸು ಕೊಡಬೇಕು? 2020ರ ಏಪ್ರಿಲಿನಲ್ಲಿ ಬಾಂಬೆ ಹೈಕೋರ್ಟಿಗೆ ಹೋದ ಉಕ್ಕಿನ ಆಮದುದಾರರು ಸೋತದ್ದು ಇಂಥಲ್ಲೇ: ಷರತ್ತು ಮಾರಾಟಗಾರರ ರಕ್ಷಣೆಗೆ ಮಾತ್ರ ಇತ್ತು, ಉಕ್ಕು ಅಗತ್ಯ ವಸ್ತುಗಳ ಪಟ್ಟಿಯಲ್ಲಿತ್ತು.

ಷರತ್ತೇ ಇಲ್ಲದಿದ್ದರೆ ಉಳಿಯುವುದು ಭಾರತೀಯ ಕರಾರು ಕಾಯ್ದೆ, 1872ರ ಕಲಂ 56. ಕರಾರು ಪೂರೈಸುವುದೇ ಅಸಾಧ್ಯವಾದರೆ ಕರಾರು ರದ್ದಾಗುತ್ತದೆ. ಖರ್ಚು ಹೆಚ್ಚಾಯಿತು, ಲಾಭ ಹೋಯಿತು ಎಂಬುದು ಅಸಾಧ್ಯ ಅಲ್ಲ; ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರಲ್ಲೇ ಇದನ್ನು ಹೇಳಿದೆ. ಹ್ಯಾಲಿಬರ್ಟನ್ ಮತ್ತು ವೇದಾಂತ ನಡುವಿನ ವ್ಯಾಜ್ಯದಲ್ಲಿ ದೆಹಲಿ ಹೈಕೋರ್ಟು 2020ರ ಮೇ 29ರಂದು ಇನ್ನೊಂದು ಗೆರೆ ಎಳೆಯಿತು: ಗುತ್ತಿಗೆದಾರರು 2019ರ ಸೆಪ್ಟೆಂಬರಿನಿಂದಲೇ ಕೆಲಸದಲ್ಲಿ ಹಿಂದೆ ಬಿದ್ದಿದ್ದರು, ಆ ತಪ್ಪನ್ನು ಮಾರ್ಚಿನ ಲಾಕ್‌ಡೌನ್ ಮುಚ್ಚಿಹಾಕುವುದಿಲ್ಲ. ಆದ್ದರಿಂದ ಎದುರಿನವರ ಬಾಕಿ ಶುರುವಾದ ತಾರೀಖನ್ನು ಮೊದಲು ಹಿಡಿಯಿರಿ. 2020ರ ಫೆಬ್ರವರಿಯಲ್ಲೇ ಕೊಡಬೇಕಿದ್ದ ಹಣಕ್ಕೆ ಮಾರ್ಚ್ 25ರ ಲಾಕ್‌ಡೌನ್ ಸಬೂಬು ಆಗದು.

ತಾರೀಖುಗಳನ್ನು ಸರ್ಕಾರದ ಆದೇಶಗಳ ಪಕ್ಕ ಇಟ್ಟು ನೋಡುವ ಕೆಲಸ ಬೇಸರದ್ದು. ಆದರೂ ಬಿಡಬೇಡಿ. ‘ಲಾರಿ ಓಡಲಿಲ್ಲ’ ಎಂದು ಇಡೀ ಏಪ್ರಿಲ್ ತಿಂಗಳಿಗೆ ಹೇಳುವವರಿದ್ದಾರೆ. ಅಗತ್ಯ, ಅಗತ್ಯವಲ್ಲದ್ದು ಎಂಬ ಭೇದವಿಲ್ಲದೆ ಎಲ್ಲ ಸರಕು ಸಾಗಿಸಬಹುದು ಎಂದು ಕೇಂದ್ರ ಗೃಹ ಇಲಾಖೆ ಮಾರ್ಚ್ 29ರಂದೇ ತಿಳಿಸಿತ್ತು. ನಗರಪಾಲಿಕೆ ಮಿತಿಯ ಹೊರಗಿನ ಕಾರ್ಖಾನೆಗಳಿಗೆ ಏಪ್ರಿಲ್ 20ರಿಂದ ಅವಕಾಶ ಸಿಕ್ಕಿತು. ಹಾಗಾಗಿ ಒಂದೇ ಜಿಲ್ಲೆಯಲ್ಲಿ ಪಾಲಿಕೆ ಮಿತಿಯೊಳಗಿನ ಘಟಕದ ನೆಪಕ್ಕೆ ಬೆಲೆ ಇರಬಹುದು, ನಾಲ್ಕು ಕಿಲೋಮೀಟರ್ ಆಚೆಯ ಘಟಕದ್ದಕ್ಕೆ ಇಲ್ಲದಿರಬಹುದು. ಮುಂದೆ ಇನ್ಯಾವುದೇ ಸಾಂಕ್ರಾಮಿಕ ಬಂದರೂ ಆ ವಾರದ ಜಿಲ್ಲಾಧಿಕಾರಿಗಳ ಆದೇಶ, ಪಾಸ್, ಇ-ವೇ ಬಿಲ್ಲು ಮೂರನ್ನೂ ಅವತ್ತೇ ಫೈಲಿಗೆ ಸೇರಿಸಿ.

ಇನ್ನೊಂದು ಮಾತು: ಮಾಲು ತಲುಪಿ ಆದ ಮೇಲೆ ಉಳಿಯುವುದು ಹಣ ಕೊಡುವ ಹೊಣೆ ಮಾತ್ರ. ಬ್ಯಾಂಕುಗಳು ಲಾಕ್‌ಡೌನಿನಲ್ಲೂ ತೆರೆದಿದ್ದವು. ಹಣ ಕೊಡುವುದು ‘ಅಸಾಧ್ಯ’ವಾಯಿತು ಎಂದು ನ್ಯಾಯಾಲಯವನ್ನು ಒಪ್ಪಿಸುವುದು ಬಹಳ ಕಷ್ಟ.

ಕುಳಿತು ಮಾತಾಡುವ ದಾರಿ, ಅದರ ನಾಲ್ಕು ಬಲೆಗಳು

ವರ್ಷಗಟ್ಟಲೆ ಉದ್ರಿ ನಡೆಸಿದ ಪಾರ್ಟಿಯಾದರೆ, ಮುಂದೆಯೂ ಅವರ ಆರ್ಡರ್ ಬೇಕಿದ್ದರೆ ಪೂರಕ ಕರಾರೇ, ಅಂದರೆ ಹಳೆಯ ಕರಾರಿನ ಮೊತ್ತ, ಗಡುವು ಬದಲಿಸಿ ಬರೆದುಕೊಳ್ಳುವ ಹೊಸ ಕರಾರೇ, ಮೊದಲ ಆಯ್ಕೆ. ಇದು ಅಗ್ಗ, ಒಂದು ವಾರದಲ್ಲಿ ಮುಗಿಯುತ್ತದೆ. ಆದರೆ ಹುಬ್ಬಳ್ಳಿ ಕಡೆ ಇದನ್ನು ಬಾಯಿಮಾತಿನಲ್ಲೋ ವಾಟ್ಸಾಪಿನ ಒಂದು ‘ಓಕೆ’ಯಲ್ಲೋ ಮುಗಿಸಿಬಿಡುತ್ತಾರೆ, ಮುಂದಿನ ಕೇಸೆಲ್ಲ ಕೆಡುವುದು ಅಲ್ಲಿಂದಲೇ.

ಮೊದಲನೆಯ ಬಲೆ ಕರಾರು ಕಾಯ್ದೆಯ ಕಲಂ 62: ಹೊಸ ಕರಾರು ಹಳೆಯದರ ಜಾಗಕ್ಕೆ ಬಂದರೆ ಹಳೆಯದನ್ನು ಪೂರೈಸಬೇಕಿಲ್ಲ. 8 ಲಕ್ಷದ ಬಾಕಿಯನ್ನು 6 ಲಕ್ಷಕ್ಕೆ ಇಳಿಸಿ ಕಂತು ಕೊಟ್ಟಿರಿ, ಎರಡನೇ ಕಂತಿಗೇ ಅವರು ಕೈಕೊಟ್ಟರು ಎಂದಾದರೆ ನೀವು ಕೇಳಬಹುದಾದದ್ದು 6 ಲಕ್ಷದ ಲೆಕ್ಕವೇ ಎಂಬ ವಾದ ಎದ್ದೇಳುತ್ತದೆ. ‘ಒಂದು ಕಂತು ತಪ್ಪಿದರೂ ರಿಯಾಯಿತಿ ರದ್ದು, ಮೂಲ ಬಾಕಿ 8 ಲಕ್ಷ ಬಡ್ಡಿ ಸಹಿತ ಕೂಡಲೇ ಸಲ್ಲತಕ್ಕದ್ದು’ ಎಂದು ಬರೆದರೆ ಆ ವಾದಕ್ಕೆ ಜಾಗವಿಲ್ಲ.

ಎರಡನೆಯದು ಅದೇ ಕಾಯ್ದೆಯ ಕಲಂ 55. ಅವಧಿ ಮುಖ್ಯವಾದ ಕರಾರಿನಲ್ಲಿ ತಡವಾಗಿ ಬಂದ ಮಾಲನ್ನು ಸುಮ್ಮನೆ ಒಪ್ಪಿಕೊಂಡರೆ ತಡವಾದದ್ದಕ್ಕೆ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಒಪ್ಪುವ ಹೊತ್ತಿನಲ್ಲೇ ‘ಪರಿಹಾರದ ಹಕ್ಕು ಕಾಯ್ದಿರಿಸಿ ಸ್ವೀಕರಿಸಲಾಗಿದೆ’ ಎಂದು ಚಲನ್ನಿನ ಮೇಲೆ ಬರೆದು, ಅದನ್ನೇ ಇಮೇಲಿನಲ್ಲೂ ಕಳಿಸಬೇಕು.

ಮೂರನೆಯದು ಜಾಮೀನುದಾರರು. ಅವರನ್ನು ಕೇಳದೆ ಸಾಲಗಾರರಿಗೆ ಅವಧಿ ಕೊಟ್ಟರೆ, ಷರತ್ತು ಬದಲಿಸಿದರೆ ಜಾಮೀನು ಬಿಡುಗಡೆಯಾಗಬಹುದು. ಪೂರಕ ಕರಾರಿಗೆ ಅವರ ಸಹಿಯೂ ಬೇಕು.

ನಾಲ್ಕನೆಯದು ಮುಂದಿನ ತಾರೀಖಿನ ಚೆಕ್ಕುಗಳು. ಕಂತಿಗೊಂದು ಚೆಕ್ ತೆಗೆದುಕೊಳ್ಳಿ, ಆದರೆ ಪ್ರತಿಯೊಂದರ ನಂಬರು, ತಾರೀಖು, ಮೊತ್ತವನ್ನು ಕರಾರಿನ ಒಳಗೇ ನಮೂದಿಸಿ. ‘ಸೆಕ್ಯೂರಿಟಿಗೆ ಕೊಟ್ಟ ಖಾಲಿ ಚೆಕ್’ ಎಂಬ ಎದುರುವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಎಂಎಸ್‌ಎಂಇ ಕೌನ್ಸಿಲ್, ವಾಣಿಜ್ಯ ನ್ಯಾಯಾಲಯ, ಮಧ್ಯಸ್ಥಿಕೆ

ಗೋಕುಲ ರಸ್ತೆಯ ವರ್ಕ್‌ಶಾಪಿಗೆ ಈ ಮೂರರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಅರ್ಹತೆ ಇದ್ದರೆ ನಮ್ಮ ಮತ ಕಿರು, ಸಣ್ಣ ಉದ್ದಿಮೆಗಳ ಬಾಕಿ ವ್ಯಾಜ್ಯ ನೋಡುವ ಕೌನ್ಸಿಲಿಗೆ. ಅಲ್ಲಿ ಬೇಗ ತೀರ್ಪಾಗುತ್ತದೆ ಎಂಬ ಭ್ರಮೆಯಿಂದಲ್ಲ. ಕಾಯ್ದೆಯಲ್ಲಿ 90 ದಿನ ಎಂದಿದೆ, ನಡೆಯುವುದು ಅದಕ್ಕಿಂತ ಎಷ್ಟೋ ನಿಧಾನ. ಕಾರಣಗಳು ಬೇರೆ.

2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣಕ್ಕೆ ಒಪ್ಪಂದದ ಅವಧಿ ಏನೇ ಇರಲಿ 45 ದಿನದ ಮಿತಿ. ಬರಹದ ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. 2020ರ ಮೇ 22ರಿಂದ 2022ರ ವಸಂತದವರೆಗೆ ಬ್ಯಾಂಕ್ ದರ ಶೇ 4.25 ಇತ್ತು, ಅಂದರೆ ಬಡ್ಡಿ ಶೇ 12.75. 4 ಲಕ್ಷದ ಬಿಲ್ಲಿಗೆ ಮೊದಲ ವರ್ಷವೇ ಸುಮಾರು 54 ಸಾವಿರ, ಎರಡು ವರ್ಷಕ್ಕೆ ಸುಮಾರು 1 ಲಕ್ಷ 15 ಸಾವಿರ ಬಡ್ಡಿ. ಕೊಳ್ಳುವವರು ಪುಣೆಯಲ್ಲಿರಲಿ, ಚೆನ್ನೈನಲ್ಲಿರಲಿ, ಅರ್ಜಿ ಹೋಗುವುದು ಮಾರುವವರ ರಾಜ್ಯದ ಕೌನ್ಸಿಲಿಗೆ. ತೀರ್ಪನ್ನು ಪ್ರಶ್ನಿಸಬೇಕಾದರೆ ಕೊಳ್ಳುವವರು ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಈ ಠೇವಣಿಯ ಮಾತು ಬಂದ ಮೇಲೆಯೇ ಎಷ್ಟೋ ದೊಡ್ಡ ಕಂಪನಿಗಳು ರಾಜಿಗೆ ಬರುತ್ತವೆ.

ಅರ್ಜಿ ಆನ್‌ಲೈನಿನಲ್ಲಿ. ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಸಂಖ್ಯೆ, ಪರ್ಚೇಸ್ ಆರ್ಡರ್, ಇನ್‌ವಾಯ್ಸ್, ಮಾಲು ಸ್ವೀಕರಿಸಿದ ಸಹಿ-ಸಿಕ್ಕಾದ ಚಲನ್, ಲಾರಿಯ ಎಲ್‌ಆರ್ (ಸಾಗಣೆ ರಸೀದಿ) ಪ್ರತಿ, ಖಾತೆಯ ಲೆಡ್ಜರ್, ಬಡ್ಡಿ ಲೆಕ್ಕದ ಹಾಳೆ ಜೊತೆಗಿರಲಿ. ಇಲ್ಲಿ ಹೆಚ್ಚು ಜನ ಗಮನಿಸದ ಒಂದು ಸೂಕ್ಷ್ಮವಿದೆ. ಮಾಲು ತಲುಪಿದ 15 ದಿನದೊಳಗೆ ಕೊಳ್ಳುವವರು ಬರಹದಲ್ಲಿ ತಕರಾರು ತೆಗೆಯದಿದ್ದರೆ ಮಾಲನ್ನು ಒಪ್ಪಿದಂತೆಯೇ ಲೆಕ್ಕ. ಬಿಲ್ಲು ಕೇಳಿದಾಗ ಎಂಟು ತಿಂಗಳ ನಂತರ ‘ಪೀಸು ರಿಜೆಕ್ಟ್ ಆಗ್ಯಾವ’ ಎನ್ನುವವರಿಗೆ ಈ ಒಂದು ಸಾಲು ಸಾಕು.

ಜಿಎಸ್‌ಟಿಯಲ್ಲೂ ಒಂದು ಹಿಡಿತವಿದೆ: 180 ದಿನದೊಳಗೆ ಮಾರಿದವರಿಗೆ ಹಣ ಕೊಡದಿದ್ದರೆ ಕೊಳ್ಳುವವರು ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಬಡ್ಡಿ ಸಹಿತ ಹಿಂತಿರುಗಿಸಬೇಕು. ಕ್ರೆಡಿಟ್ ತೆಗೆದುಕೊಂಡಿದ್ದಾರೆ ಎಂದರೆ ಮಾಲು ಬಂದಿಲ್ಲ ಎನ್ನಲು ಬಾಯಿಲ್ಲ. 2024-25ರ ತೆರಿಗೆ ನಿರ್ಧರಣಾ ವರ್ಷದಿಂದ ಆದಾಯ ತೆರಿಗೆಯ 43ಬಿ ನಿಯಮವೂ ಸೇರಿಕೊಂಡಿದೆ. ಮಿತಿ ಮೀರಿ ಉಳಿಸಿಕೊಂಡ ಬಾಕಿಯನ್ನು ಆ ವರ್ಷದ ಖರ್ಚಾಗಿ ತೋರಿಸಲಾಗದು. ನೋಟಿಸಿನಲ್ಲಿ ಈ ಎರಡನ್ನೂ ಒಂದೊಂದು ಸಾಲಿನಲ್ಲಿ ಬರೆದರೆ ಕಾಗದ ಮಾಲೀಕರ ಮೇಜಿನಿಂದ ಅವರ ಆಡಿಟರ್ ಮೇಜಿಗೆ ಹೋಗುತ್ತದೆ, ಕೆಲಸ ಆಗುವುದು ಅಲ್ಲೇ.

ಈಗ ಕೌನ್ಸಿಲ್ ಯಾರಿಗಲ್ಲ ಎಂಬುದು. ಮಧ್ಯಮ ಉದ್ದಿಮೆಗೆ ಇಲ್ಲ. ಬರೀ ಕೊಂಡು ಮಾರುವ ವ್ಯಾಪಾರಿಗೆ ಇಲ್ಲ: 2021ರ ಜುಲೈಯಲ್ಲಿ ಸಗಟು, ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ತೆರೆದದ್ದು ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೆ. ಅಮರಗೋಳ ಎಪಿಎಂಸಿಯ ಅಂಗಡಿಯವರು ಉದ್ಯಮ್ ಸರ್ಟಿಫಿಕೇಟ್ ಗೋಡೆಗೆ ಹಾಕಿಕೊಂಡಿದ್ದರೂ ಬಾಕಿ ವಸೂಲಿಗೆ ಅದು ನೆರವಾಗದು. ಮಾಲು ಕೊಟ್ಟಾದ ಮೇಲೆ ನೋಂದಣಿ ಮಾಡಿಸಿದವರ ಸ್ಥಿತಿ ಡೋಲಾಯಮಾನ. 2022ರಲ್ಲಿ ಸುಪ್ರೀಂ ಕೋರ್ಟು ಅವರಿಗೆ ಹಕ್ಕಿಲ್ಲ ಎಂಬರ್ಥದಲ್ಲಿ ಹೇಳಿತು, 2025ರ ಜನವರಿಯಲ್ಲಿ ಇನ್ನೊಂದು ಪೀಠ ಆ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿತು. ಹೊಸ ಘಟಕ ಶುರು ಮಾಡುವವರು ಮೊದಲ ಆರ್ಡರಿಗಿಂತ ಮುಂಚೆಯೇ ನೋಂದಣಿ ಮುಗಿಸುವುದೇ ಸುರಕ್ಷಿತ.

ಗೆದ್ದ ಕೇಸು ಕೆಡುವ ಒಂದು ಜಾಗ ಹೇಳಬೇಕು. ಕೌನ್ಸಿಲಿನಲ್ಲಿ ಮೊದಲು ರಾಜಿ ಸಂಧಾನ, ಅದು ಮುರಿದ ಮೇಲೆ ಮಧ್ಯಸ್ಥಿಕೆ (ಆರ್ಬಿಟ್ರೇಶನ್). ಎದುರಿನವರು ಬರಲಿಲ್ಲವೆಂದು ಸಂಧಾನದ ಹಂತದಲ್ಲೇ ‘ಇಷ್ಟು ಕೊಡಿ’ ಎಂದು ಆದೇಶ ಬಂದರೆ ಸಂತೋಷಪಡಬೇಡಿ. ಮಧ್ಯಸ್ಥಿಕೆ ನಡೆಸದೆ ಕೊಟ್ಟ ಅಂಥ ಆದೇಶ ಅಸಿಂಧು ಎಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಂಧಾನ ವಿಫಲವಾಯಿತೆಂಬ ಟಿಪ್ಪಣಿ, ಮಧ್ಯಸ್ಥಿಕೆ ಆರಂಭದ ನೋಟಿಸು, ಹೇಳಿಕೆಗಳು, ಸಾಕ್ಷ್ಯ ಎಲ್ಲವೂ ಕಡತದಲ್ಲಿ ಇರಲೇಬೇಕು ಎಂದು ನೀವೇ ಒತ್ತಾಯಿಸಿ.

ವಾಣಿಜ್ಯ ನ್ಯಾಯಾಲಯದ ದಾರಿ 3 ಲಕ್ಷ ಮತ್ತು ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಕ್ಕೆ. ವ್ಯಾಪಾರಿಗಳಿಗೂ ಮಧ್ಯಮ ಉದ್ದಿಮೆಗೂ ಇದೇ ಮುಖ್ಯ ಬಾಗಿಲು. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ದಾವೆಗೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯವರ್ತನೆ (ಮೀಡಿಯೇಶನ್) ಕಡ್ಡಾಯ. ಅದನ್ನು ಹಾರಿ ಹೋದ ದಾವೆಯನ್ನು ನ್ಯಾಯಾಲಯ ತಿರಸ್ಕರಿಸುತ್ತದೆ. ಅವಧಿ 3 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನೆರಡು. ಈ ಅವಧಿ ಕಾಲಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. 2018ರ ನಿಯಮಗಳ ಪ್ರಕಾರ 10 ಲಕ್ಷದೊಳಗಿನ ವ್ಯಾಜ್ಯಕ್ಕೆ ಮಧ್ಯವರ್ತಿಯ ಶುಲ್ಕ 15,000, 10ರಿಂದ 50 ಲಕ್ಷಕ್ಕೆ 30,000. ಇಬ್ಬರೂ ಸಮನಾಗಿ ಹಂಚಿಕೊಳ್ಳಬೇಕು. ಎದುರಿನವರು ಬಾರದಿದ್ದರೆ ವಿಫಲ ವರದಿ ಹಿಡಿದು ದಾವೆ ಹೂಡಬಹುದು. ಪ್ರತಿವಾದಿ 120 ದಿನದೊಳಗೆ ಉತ್ತರ ಹಾಕದಿದ್ದರೆ ಆ ಹಕ್ಕೇ ಹೋಯಿತು. ಸಾಮಾನ್ಯ ಸಿವಿಲ್ ದಾವೆಗಿಂತ ಇದು ಚುರುಕಾಗಿರುವುದು ಈ ಕಟ್ಟುನಿಟ್ಟಿನಿಂದಲೇ. ಅದೇ ಕಟ್ಟುನಿಟ್ಟು ನಿಮಗೂ ಇದೆ: ಕಾಗದಗಳನ್ನೆಲ್ಲ ದಾವೆಯ ಜೊತೆಗೇ ಕೊಡಬೇಕು, ‘ಆಮೇಲೆ ಹುಡುಕಿ ಕೊಡ್ತೀನಿ’ ನಡೆಯುವುದಿಲ್ಲ. ವಾಟ್ಸಾಪ್ ಸಂದೇಶ ಹಾಜರುಪಡಿಸುವುದಾದರೆ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ನಮೂನೆಯಲ್ಲಿರಬೇಕು. ಫೋನ್ ಬದಲಿಸುವ ಮುಂಚೆ ಚಾಟ್ ಉಳಿಸಿಕೊಳ್ಳಿ.

ಬಿಲ್ಲಿನ ಕೆಳಗೆ ‘ಹುಬ್ಬಳ್ಳಿ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿದೆ’ ಎಂದು ಅಚ್ಚು ಹಾಕಿಸಿದ್ದನ್ನೇ ನಂಬಿ ಕೂರಬೇಡಿ. ನೀವು ಸಹಿ ಮಾಡಿಕೊಟ್ಟ ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ ‘ಪುಣೆಯಲ್ಲಿ ಮಾತ್ರ’ ಎಂದಿದ್ದರೆ ಸಾಮಾನ್ಯವಾಗಿ ಅದರ ಮಾತೇ ನಡೆಯುತ್ತದೆ.

ಮಧ್ಯಸ್ಥಿಕೆಯ ಷರತ್ತು ಇದ್ದರೆ ದಾವೆಗೆ ಹೋದವರನ್ನು ಎದುರಿನವರು ಅಲ್ಲಿಗೇ ಎಳೆಯುತ್ತಾರೆ. ಸಣ್ಣ ಮೊತ್ತಕ್ಕೆ ಇದು ದುಬಾರಿ. ಮಧ್ಯಸ್ಥಿಕೆ ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ದರದಂತೆ 5 ಲಕ್ಷದವರೆಗಿನ ವ್ಯಾಜ್ಯಕ್ಕೆ 45,000. ಒಬ್ಬರೇ ಮಧ್ಯಸ್ಥರಾದರೆ ಕಾಲುಭಾಗ ಹೆಚ್ಚು, ಅಂದರೆ 56,250. ವಕೀಲರ ಶುಲ್ಕ, ಪ್ರಯಾಣ ಬೇರೆ. 25 ಲಕ್ಷ ದಾಟಿದ, ತಾಂತ್ರಿಕ ತಕರಾರಿರುವ ಯಂತ್ರ ಅಥವಾ ಕಾಮಗಾರಿ ಕರಾರಿಗೆ ಇದು ಒಪ್ಪುತ್ತದೆ. ನಾಲ್ಕು ಲಕ್ಷದ ಬಿಲ್ಲಿಗೆ ಅಲ್ಲ. ‘ಮಧ್ಯಸ್ಥರನ್ನು ನಮ್ಮ ಎಂಡಿಯೇ ನೇಮಿಸುತ್ತಾರೆ’ ಎಂಬ ಷರತ್ತಿಗೆ ಹೆದರಬೇಕಿಲ್ಲ, ಅಂಥ ಏಕಪಕ್ಷೀಯ ನೇಮಕ ನಿಲ್ಲುವುದಿಲ್ಲ. ಮಧ್ಯಸ್ಥಿಕೆಯ ಸ್ಥಾನ ನಮ್ಮ ಜಿಲ್ಲೆಗಳಲ್ಲಿದ್ದರೆ ನೇಮಕದ ಅರ್ಜಿಯನ್ನು ಹೈಕೋರ್ಟಿನ ಧಾರವಾಡ ಪೀಠದಲ್ಲೇ ಹಾಕಬಹುದು. ಷರತ್ತು ಇದ್ದೂ ಕೌನ್ಸಿಲಿಗೆ ಹೋಗಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಹೋಗಬಹುದು, ಎಂಎಸ್‌ಎಂಇಡಿ ಕಾಯ್ದೆಯೇ ಮೇಲು ಎಂದು 2022ರ ಅದೇ ತೀರ್ಪು ಹೇಳಿದೆ.

ಚೆಕ್ಕು, ದಿವಾಳಿ ಕಾಯ್ದೆ

ಬೌನ್ಸಾದ ಚೆಕ್ ಕೈಯಲ್ಲಿದ್ದರೆ ಅದೇ ಒತ್ತಡ ಹೆಚ್ಚಿರುವ ದಾರಿ. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸು, ಅವರಿಗೆ 15 ದಿನ ಗಡುವು, ಆಮೇಲೆ ಒಂದು ತಿಂಗಳೊಳಗೆ ದೂರು. ನಿಮ್ಮ ಖಾತೆ ಹುಬ್ಬಳ್ಳಿ ಶಾಖೆಯಲ್ಲಿದ್ದರೆ ಕೇಸೂ ಇಲ್ಲಿಯದೇ. ಶೇ 20ರವರೆಗೆ ಮಧ್ಯಂತರ ಪರಿಹಾರ ಕೇಳಬಹುದು. ಇದರ ಜೊತೆಗೆ ಹಣ ವಸೂಲಿಯ ದಾವೆ ಹೂಡಲು ಅಡ್ಡಿಯಿಲ್ಲ.

ದಿವಾಳಿ ಕಾಯ್ದೆಯ ಹೆಸರು ಹೇಳಿ ಹೆದರಿಸುವ ಕಾಲ ಸಣ್ಣ ಮಾರಾಟಗಾರರ ಪಾಲಿಗೆ 2020ರ ಮಾರ್ಚ್ 24ಕ್ಕೇ ಮುಗಿಯಿತು: ಅಂದು ಕನಿಷ್ಠ ಬಾಕಿಯ ಮಿತಿ 1 ಲಕ್ಷದಿಂದ 1 ಕೋಟಿಗೆ ಏರಿತು. ಮರುದಿನದಿಂದ ಒಂದು ವರ್ಷದ ಒಳಗೆ ಆದ ಸುಸ್ತಿಗೆ ದಿವಾಳಿ ಅರ್ಜಿ ಎಂದೆಂದಿಗೂ ಇಲ್ಲ. ಕಂಪನಿ, ಎಲ್‌ಎಲ್‌ಪಿಗಳ ಮೇಲೆ ಮಾತ್ರ ನಡೆಯುವ ದಾರಿ ಇದು. ಪಾಲುದಾರಿಕೆ ಫರ್ಮಿನ ಮೇಲೆ ಅಲ್ಲ.

ಮಾಲು ನಿಮ್ಮಲ್ಲೇ ಇದ್ದರೆ, ಮಾಲು ಬಾರದಿದ್ದರೆ

ಬ್ಯಾಡಗಿಯ ವ್ಯಾಪಾರಿ ಕೋರ್ಟಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸ ಬೇರೆ ಇದೆ. ಹಣ ಬಾರದ ಮಾರಾಟಗಾರರಿಗೆ ಸರಕು ಮಾರಾಟ ಕಾಯ್ದೆ, 1930 ಮಾಲನ್ನು ತಡೆಹಿಡಿಯುವ, ಮರುಮಾರಾಟ ಮಾಡುವ ಹಕ್ಕು ಕೊಟ್ಟಿದೆ. ಬೇಗ ಕೆಡುವ ಮಾಲಲ್ಲದಿದ್ದರೆ ಮೊದಲು ನೋಟಿಸು ಕೊಡಬೇಕು. ಕೋಲ್ಡ್ ಸ್ಟೋರೇಜಿನ ಒಣಮೆಣಸಿನಕಾಯಿ ಬೇಗ ಕೆಡುವ ಮಾಲು ಎಂದು ವಾದಿಸುವ ಬದಲು ಹತ್ತು ದಿನದ ನೋಟಿಸು ಕಳಿಸಿಬಿಡುವುದು ಲೇಸು. ನೋಟಿಸಿಲ್ಲದೆ ಮಾರಿದರೆ ದರ ಬಿದ್ದ ನಷ್ಟ ಕೇಳುವಂತಿಲ್ಲ, ಲಾಭ ಬಂದರೆ ಅದನ್ನೂ ಅವರಿಗೆ ಕೊಡಬೇಕಾದೀತು. ಮಾರುವ ದಿನ ಚೀಲಗಳ ಸಂಖ್ಯೆ, ತೂಕದ ಚೀಟಿ, ಅಂದಿನ ಮಾರುಕಟ್ಟೆ ದರದ ಪಟ್ಟಿ, ಕೋಲ್ಡ್ ಸ್ಟೋರೇಜಿನ ಬಾಡಿಗೆ ರಸೀದಿ ತೆಗೆದಿಡಿ. ದರ ಏರಲಿ ಎಂದು ತಿಂಗಳುಗಟ್ಟಲೆ ಕಾದು ಕೂತರೆ ನಡುವೆ ಬಿದ್ದ ದರದ ನಷ್ಟ ನಿಮ್ಮದೇ. ನಷ್ಟ ಕಡಿಮೆ ಮಾಡಿಕೊಳ್ಳುವ ಹೊಣೆ ಕರಾರು ಕಾಯ್ದೆಯ ಕಲಂ 73ರಲ್ಲೇ ಇದೆ.

ಗದಗಿನ ಜಿನ್ನಿಂಗ್ ಮಿಲ್ಲಿಗೆ ಯಂತ್ರ ಬೇಕು, ಅದೂ ಹತ್ತಿ ಬರುವ ಮುಂಚೆ. ಅವರಿಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿಯ ಬದಲಿ ನಿರ್ವಹಣೆ ಅನುಕೂಲ. ಕನಿಷ್ಠ 30 ದಿನದ ಲಿಖಿತ ನೋಟಿಸು ಕೊಟ್ಟು, ಆಗಲೂ ಕೊಡದಿದ್ದರೆ ಬೇರೆಯವರಿಂದ ಮಾಡಿಸಿ ಖರ್ಚನ್ನು ಮೊದಲಿನವರಿಂದ ವಸೂಲು ಮಾಡಬಹುದು. ಆದರೆ ಒಮ್ಮೆ ಬೇರೆಯವರಿಂದ ತೆಗೆದುಕೊಂಡ ಮೇಲೆ ಮೊದಲಿನವರಿಂದ ಯಂತ್ರವೇ ಬೇಕು ಎಂದು ಕೇಳುವ ಹಕ್ಕಿಲ್ಲ. ಮೂರು ಕೊಟೇಶನ್ ತೆಗೆದುಕೊಂಡು, ಅದೇ ಸಾಮರ್ಥ್ಯದ ಯಂತ್ರವನ್ನೇ ಆರಿಸಿ. ದೊಡ್ಡದು ತಂದು ಬಿಲ್ಲು ಅವರ ತಲೆಗೆ ಕಟ್ಟಲಾಗದು. ಇತ್ತ ಕರಾರೇ ಅಸಾಧ್ಯವಾಗಿ ರದ್ದಾದರೆ ಕರಾರು ಕಾಯ್ದೆಯ ಕಲಂ 65ರಂತೆ ಮುಂಗಡ ವಾಪಸು ಬರಬೇಕು. ಲಾಕ್‌ಡೌನಿನಲ್ಲಿ ನಿಂತುಹೋದ ಮದುವೆಗಳ ಕಲ್ಯಾಣ ಮಂಟಪ, ಶಾಮಿಯಾನದ ಮುಂಗಡಕ್ಕೂ ಇದೇ ಆಧಾರ.

ಅಂಗಡಿ ಬಾಡಿಗೆಯವರು ಇದರಲ್ಲಿ ತಮ್ಮನ್ನು ಸೇರಿಸಿಕೊಳ್ಳಬಾರದು. ದುರ್ಗದಬೈಲಿನ ಅಂಗಡಿ ಎರಡು ತಿಂಗಳು ಮುಚ್ಚಿತ್ತು ಎಂಬ ಕಾರಣಕ್ಕೆ ಬಾಡಿಗೆ ತಾನಾಗಿ ಮನ್ನಾ ಆಗುವುದಿಲ್ಲ. ಗುತ್ತಿಗೆ ಪತ್ರದಲ್ಲಿ ಷರತ್ತಿಲ್ಲದಿದ್ದರೆ ಮಾಲೀಕರ ಜೊತೆ ಮಾತುಕತೆಯೇ ಗತಿ.

ಕಾಲಮಿತಿ

2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟು ಕಾಲಮಿತಿಯಿಂದ ಹೊರಗಿಟ್ಟಿತು. 2020ರ ಜೂನ್ 1ಕ್ಕೆ ಬರಬೇಕಿದ್ದ ಹಣಕ್ಕೆ ಮೂರು ವರ್ಷ ಶುರುವಾದದ್ದು 2022ರ ಮಾರ್ಚ್ 1ರಿಂದ, ಮುಗಿದದ್ದು 2025ರ ಫೆಬ್ರವರಿ 28ಕ್ಕೆ. ಹಾಗಿದ್ದರೂ ಹಳೆಯ ಫೈಲನ್ನು ಎಸೆಯುವ ಮುಂಚೆ ಹುಡುಕಿ: ಅವಧಿಯೊಳಗೆ ಅವರು ಬಾಕಿ ಒಪ್ಪಿ ಸಹಿ ಮಾಡಿದ ಬ್ಯಾಲೆನ್ಸ್ ಕನ್ಫರ್ಮೇಶನ್, ‘ಮುಂದಿನ ತಿಂಗಳು ಕೊಡುತ್ತೇವೆ’ ಎಂಬ ಇಮೇಲು, ಬ್ಯಾಂಕಿನಲ್ಲಿ ಜಮೆಯಾದ ಸಣ್ಣ ಕಂತು. ಯಾವುದು ಸಿಕ್ಕರೂ ಅಂದಿನಿಂದ ಹೊಸದಾಗಿ ಮೂರು ವರ್ಷ. ಕಂಪನಿಯಾದರೆ ಅದರ ಬ್ಯಾಲೆನ್ಸ್ ಶೀಟಿನಲ್ಲಿ ನಿಮ್ಮ ಬಾಕಿ ನಮೂದಾಗಿದ್ದರೆ ಅದೂ ಒಪ್ಪಿಗೆಯಾಗಬಹುದು. ಅವಧಿ ಪೂರ್ತಿ ಮುಗಿದಿದ್ದರೆ ಹೊಸದಾಗಿ ‘ಕೊಡುತ್ತೇನೆ’ ಎಂಬ ಸಹಿ ಮಾಡಿದ ಬರಹ ಒಂದೇ ದಾರಿ.

ಮುಂದಿನ ಕರಾರಿಗೆ ಬರೆಯಬೇಕಾದ್ದು

ಇಂಟರ್ನೆಟ್ಟಿನಿಂದ ಇಳಿಸಿದ ಅರ್ಧ ಪುಟದ ಫೋರ್ಸ್ ಮೆಜೂರ್ ಷರತ್ತಿಗಿಂತ ಇಷ್ಟು ಸಾಲುಗಳು ಲೇಸು. ಸಾಂಕ್ರಾಮಿಕ ಮತ್ತು ಅದರಿಂದ ಬಂದ ಸರ್ಕಾರಿ ಆದೇಶ ಎಂದು ಹೆಸರಿಟ್ಟು ಬರೆಯಿರಿ. ಅಡಚಣೆಯಾದ 7 ದಿನದೊಳಗೆ, ಯಾವ ಆದೇಶ, ಯಾವ ಕೆಲಸಕ್ಕೆ ಅಡ್ಡಿ ಎಂದು ತಿಳಿಸುವ ನೋಟಿಸು ಬೇಕು. ಈಗಾಗಲೇ ತಲುಪಿದ ಮಾಲಿನ ಹಣಕ್ಕೆ ಈ ಷರತ್ತು ಅನ್ವಯಿಸದು ಎಂಬುದನ್ನು ಬೇರೆ ಸಾಲಾಗಿ ಇಡಿ. 90 ದಿನ ದಾಟಿದರೆ ಯಾರು ಬೇಕಾದರೂ ಕರಾರು ಮುಗಿಸಬಹುದು, ಮುಂಗಡ 30 ದಿನದಲ್ಲಿ ವಾಪಸು. ನೋಟಿಸನ್ನು ಇಮೇಲಿನಲ್ಲಿ ಕಳಿಸಿದರೂ ಸಾಕು ಎಂದು ಹೇಳಿ, ಎರಡೂ ಕಡೆಯ ಇಮೇಲ್ ವಿಳಾಸವನ್ನು ಕರಾರಿನಲ್ಲೇ ಬರೆಯಿರಿ. 2020ರ ಏಪ್ರಿಲಿನಲ್ಲಿ ಅಂಚೆ, ಕೊರಿಯರ್ ನೆಚ್ಚಿಕೊಂಡ ನೋಟಿಸುಗಳೇ ಗಡುವು ತಪ್ಪಿಸಿಕೊಂಡವು.